ಅಮ್ಮನ ಭಾನುವಾರದ ಮಾತ್ರೆ

ಭಾನುವಾರ ರಾತ್ರಿ ಅಮ್ಮನಿಗೆ ಮಾತ್ರೆ ನೆನಪಿಸುವುದು ನನ್ನ ಕೆಲಸ. ಮೆಥೊಟ್ರೆಕ್ಸೇಟ್, ಅವಳ ಗಂಟುಬಾವಿನ ಕಾಯಿಲೆಗೆ ಕೊಟ್ಟ ಔಷಧಿ. ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಶುರುವಾದದ್ದು ಹೋದ ಮಳೆಗಾಲದಲ್ಲಿ. ಬೆಳಿಗ್ಗೆ ಎರಡೂ ಕೈಯ ಬೆರಳು ಮಡಚಲು ಆಗುತ್ತಿರಲಿಲ್ಲ. ಚಾ ಲೋಟವನ್ನು ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಿದ್ದಳು. ಹತ್ತು ಗಂಟೆಗೆ ಕೈ ಸಡಿಲ ಆಗಿ ಅಡಿಕೆ ಸುಲಿಯಲು ಕೂರುತ್ತಿದ್ದಳು. ಹಾಗಾಗಿ ಅಮ್ಮ ಹೇಳಿದ್ದನ್ನು ನಾವೂ ನಂಬಿಬಿಟ್ಟೆವು. "ಥಂಡಿಗೆ ಮಾರಾಯ, ಎಣ್ಣೆ ತಿಕ್ಕಿದ್ರೆ ಹೋಗ್ತದೆ." ಬದಿಯಡ್ಕ ಪೇಟೆಯಿಂದ ತಂದ ನಾಲ್ಕು ಬಾಟಲಿ ತೈಲ ಖಾಲಿ ಆಯಿತು, ಬಾವು ಇಳಿಯಲಿಲ್ಲ.

ಕೊನೆಗೆ ಮಂಗಳೂರಿಗೆ ಹೋದೆವು. ರಕ್ತ ಪರೀಕ್ಷೆ, ಎಕ್ಸ್‌ರೇ. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು ಡಾಕ್ಟ್ರು. ದೇಹದ ಕಾವಲು ಪಡೆಯೇ ಗಂಟಿನ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ. ನೋವಿನ ಮಾತ್ರೆ ನೋವನ್ನಷ್ಟೇ ತಗ್ಗಿಸುತ್ತದೆ, ಮೂಳೆ ಸವೆಯುವುದನ್ನು ತಡೆಯುವುದಿಲ್ಲವಂತೆ. ಮೊದಲ 3ರಿಂದ 6 ತಿಂಗಳೊಳಗೆ ಸರಿಯಾದ ಔಷಧಿ ಶುರು ಮಾಡಿದರೆ ಹಿಡಿತಕ್ಕೆ ಬರುವ ಸಾಧ್ಯತೆ ಜಾಸ್ತಿ. ಒಮ್ಮೆ ಸವೆದ ಮೂಳೆ ವಾಪಸ್ ಬರುವುದಿಲ್ಲ. ನಾವು ಐದನೇ ತಿಂಗಳಲ್ಲಿ ಹೋಗಿದ್ದೆವು. ಎಕ್ಸ್‌ರೇ ಸ್ವಚ್ಛ ಇತ್ತು, ಪುಣ್ಯ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿಯ ಕೈ ನೆನಪಾಯಿತು. ಬೆರಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. ಸುಮ್ನೆ ವಯಸ್ಸು ಅಂದುಕೊಂಡಿದ್ದೆವು, ಅಲ್ವಾ?

ಈ ಮಾತ್ರೆಯಿಂದ ಲಿವರ್‌ಗೆ ತೊಂದರೆ ಆಗಿದೆಯೋ ನೋಡಲು ಆಗಾಗ ಪರೀಕ್ಷೆಗೆ ರಕ್ತ ಕೊಡಬೇಕು, ಅದಕ್ಕೆ ಅಮ್ಮನ ಗೊಣಗಾಟ ಇದ್ದದ್ದೇ. ಇವತ್ತು ಬೆಳಿಗ್ಗೆ ಮಾತ್ರ ಚಾ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೆಕ್ಕನ್ನು ಓಡಿಸುತ್ತಿದ್ದಳು.