ಹಳೆಯ ಇಂಗ್ಲಿಷಿನಲ್ಲಿ ಕತ್ತಿಗೆ ಅಷ್ಟೊಂದು ಹೆಸರೇಕೆ?

ನಾನು ಹಳೆಯ ಇಂಗ್ಲಿಷ್ ಓದುತ್ತೇನೆಂದು ತಿಳಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ‘ಕತ್ತಿಗೇ ಏಳೆಂಟು ಹೆಸರು, ಕಾಳಗಕ್ಕೆ ಬೇರೆ ಇನ್ನೊಂದು ಕಂತೆ. ಆ ಜನ ಬೆಳಗಾದರೆ ಬಡಿದಾಡುತ್ತಿದ್ದರೇ?’ ಬಡಿದಾಡುತ್ತಿದ್ದರು, ನಿಜ. ಈ ಭಾಷೆ ಆಡುತ್ತಿದ್ದ, 1066ಕ್ಕೆ ಮುಂಚಿನ ಇಂಗ್ಲೆಂಡಿನಲ್ಲಿ ಯುದ್ಧಕ್ಕೇನೂ ಬರವಿರಲಿಲ್ಲ. ಆದರೆ ಆ ಪದರಾಶಿಗೆ ಕಾರಣ ರಣರಂಗವಲ್ಲ, ಛಂದಸ್ಸು.

ಅಂದಿನ ಪದ್ಯದಲ್ಲಿ ಸಾಲು ಎಂದರೆ ಎರಡು ತುಂಡು. ಒತ್ತಿ ಹೇಳುವ ಪದಗಳ ಮೊದಲ ಧ್ವನಿ ಆ ಎರಡನ್ನೂ ಹೊಲಿಯುತ್ತದೆ. ನಮ್ಮ ಹಳಗನ್ನಡದ ಕವಿ ಪಾದದ ಎರಡನೆಯ ಅಕ್ಷರದಲ್ಲಿ ಕಾಯುತ್ತಿದ್ದ ಪ್ರಾಸವನ್ನು ಅಲ್ಲಿನ ಕವಿ ಪದದ ಆರಂಭದಲ್ಲೇ ಕಾಯಬೇಕಿತ್ತು. ಹೀಗಾಗಿ ಯುದ್ಧ ಎನ್ನಲು ಗಕಾರಕ್ಕೆ ‘ಗೂಥ್’, ಹಕಾರಕ್ಕೆ ‘ಹಿಲ್ಡ್’, ಬಕಾರಕ್ಕೆ ‘ಬೆಯಡು’, ವಕಾರಕ್ಕೆ ‘ವೀಗ್’ ಅವನ ಕೈಗೆಟಕುವಂತಿರಬೇಕು. ಕತ್ತಿಗೆ ‘ಸ್ವೆಯೊರ್ಡ್’ ಒಂದೇ ಸಾಲದು. ‘ಮೇಚೆ’, ‘ಬಿಲ್’, ‘ಹೆಯೊರು’ ಕೂಡ ಬೇಕು. ಸ್ವರದಿಂದ ಶುರುವಾಗಬೇಕೇ? ಕಬ್ಬಿಣ ಎಂಬರ್ಥದ ‘ಈರೆನ್’, ಅಲಗು ಎಂಬರ್ಥದ ‘ಎಜ್’ ಸಿದ್ಧ.

991ರಲ್ಲಿ ಎಸೆಕ್ಸಿನ ಮಾಲ್ಡನ್ ಬಳಿ ನಡೆದ ಕಾಳಗದ ಪದ್ಯವನ್ನೇ ನೋಡಿ. ಹಣ ಕೊಟ್ಟರೆ ಹೋಗುತ್ತೇವೆ ಎನ್ನುತ್ತಾರೆ ಕಡಲು ದಾಟಿ ದಾಳಿಗೆ ಬಂದ ವೈಕಿಂಗರು. ಇಂಗ್ಲಿಷರ ನಾಯಕ ಬಿರ್ಹ್ಟ್‌ನೋಥ್, ಕಪ್ಪವಾಗಿ ಈಟಿಗಳನ್ನು ಕೊಡುತ್ತೇವೆ, ವಿಷದ ಮೊನೆಯನ್ನೂ ಹಳೆಯ ಕತ್ತಿಗಳನ್ನೂ ಕೊಡುತ್ತೇವೆ ಎಂದು ತಿರುಗೇಟು ನೀಡುತ್ತಾನೆ. ಮೂಲದಲ್ಲಿ ಕಪ್ಪಕ್ಕೆ ‘ಗಾಫೊಲ್’, ಈಟಿಗೆ ‘ಗಾರ್’. ದಿನಬಳಕೆಯ ‘ಸ್ಪೆರೆ’ಯನ್ನು ಅಲ್ಲಿಟ್ಟರೆ ಸಾಲು ಬಿಚ್ಚಿಹೋಗುತ್ತದೆ, ಅದರೊಂದಿಗೆ ಕುಹಕವೂ. ಮೂಲದ ಮುಂದಿನ ಸಾಲಿನಲ್ಲಿ ವಿಷ, ಮೊನೆ, ಹಳತು ಎಂಬರ್ಥದ ಮೂರೂ ಸ್ವರದಿಂದ ಆರಂಭವಾಗುವ ಪದಗಳು. ಕೊನೆಯ ಒತ್ತು ಪ್ರಾಸಕ್ಕೆ ಸೇರುವಂತಿಲ್ಲವಾದ್ದರಿಂದ ಅಲ್ಲಿ ಸಾದಾ ‘ಸ್ವೆಯೊರ್ಡ್’ ಬಂದು ಕೂತಿದೆ. ಬಿರ್ಹ್ಟ್‌ನೋಥ್ ಸೋತ, ಸತ್ತ. ಮಾತಿನಲ್ಲಿ ಮಾತ್ರ ಗೆದ್ದ.

ಇದೇ ಜನ ಗದ್ಯ ಬರೆದಾಗ ಈ ಸಂಪತ್ತು ಮಾಯ. ಆ ಕಾಲದ ಘಟನೆಗಳನ್ನು ವರ್ಷವಾರು ಬರೆದಿಟ್ಟ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನ ಗದ್ಯದಲ್ಲಿ ವರ್ಷ ವರ್ಷವೂ ಹೊಡೆದಾಟವೇ, ಆದರೂ ‘ಗೂಥ್’ ಇಲ್ಲ, ‘ಬೆಯಡು’ ಇಲ್ಲ. ಯುದ್ಧಪ್ರೀತಿಯಿಂದ ಪದ ಹುಟ್ಟುವುದಾದರೆ ಇಲ್ಲೇ ತುಂಬಿ ತುಳುಕಬೇಕಿತ್ತಲ್ಲವೇ? ಗದ್ಯಕ್ಕೆ ಬೇಕಾದ ಭೇದವೇ ಬೇರೆ. ಕ್ರಾನಿಕಲ್‌ನಲ್ಲಿ ದಾಳಿಗೆ ಬಂದ ಡೇನರ ಪಡೆ ಸಾಮಾನ್ಯವಾಗಿ ‘ಹೆರೆ’, ತಮ್ಮ ಪಡೆ ‘ಫ್ಯುರ್ಡ್’. ‘ಹೆರೆ’ಗೆ ಕಾನೂನಿನ ಅಳತೆಯೂ ಇತ್ತು. ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ರಾಜ ಇನೆ ಏಳನೆಯ ಶತಮಾನದ ಕೊನೆಯಲ್ಲಿ ಮಾಡಿದ ಕಟ್ಟಳೆಯ ಪ್ರಕಾರ ಏಳು ಮಂದಿಯವರೆಗೆ ಕಳ್ಳರು, ಅಲ್ಲಿಂದ 35ರವರೆಗೆ ತಂಡ, ಅದನ್ನು ಮೀರಿದರೆ ‘ಹೆರೆ’. ಯಾವ ಕಾವ್ಯಕ್ಕಿಂತಲೂ ಆ ಕಾಲದ ಊರಿನ ಭಯವನ್ನು ಈ ಲೆಕ್ಕ ಚೆನ್ನಾಗಿ ಹೇಳುತ್ತದೆ ಎಂದು ನನಗನ್ನಿಸುತ್ತದೆ.

ಮುಂದೆ ಏನಾಯಿತು? 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು. ‘ವಾರ್’, ‘ಬ್ಯಾಟಲ್’, ‘ಆರ್ಮಿ’, ‘ಸೋಲ್ಜರ್’, ‘ಲ್ಯಾನ್ಸ್’ ಎಲ್ಲ ಆ ದಾರಿಯಲ್ಲಿ ಬಂದವು. ಆದರೆ ಸ್ವೋರ್ಡ್, ಸ್ಪಿಯರ್, ಶೀಲ್ಡ್, ಬೋ, ಆ್ಯರೋ, ಫೈಟ್ ಇವತ್ತಿಗೂ ಹಳೆಯ ಇಂಗ್ಲಿಷಿನವೇ. ಅಂದರೆ ಗದ್ಯದಲ್ಲಿ ದುಡಿಯುತ್ತಿದ್ದ ಪದಗಳು ಬದುಕಿದವು. ಪದ್ಯವನ್ನೇ ನೆಚ್ಚಿಕೊಂಡಿದ್ದ ‘ಮೇಚೆ’, ‘ಹೆಯೊರು’ಗಳು ಆ ಪದ್ಯದ ಪರಂಪರೆ ಸೊರಗಿದಂತೆ ಕಾಣೆಯಾದವು. ‘ಗಾರ್’ ಮಾತ್ರ ವೇಷ ಮರೆಸಿಕೊಂಡು ಉಳಿದಿದೆ: ಎಡ್ಗರ್ ಎಂಬ ಹೆಸರಿನ ಬಾಲದಲ್ಲಿ, ಗಾರ್ಲಿಕ್ ಎಂಬ ಬೆಳ್ಳುಳ್ಳಿಯ ತಲೆಯಲ್ಲಿ.

ಕವಿಗಳ ಮಾತನ್ನು ಅಕ್ಷರಶಃ ನಂಬಿದರೆ ಮೋಸಹೋಗುತ್ತೇವೆ. ಗುರಾಣಿಗೆ ಅವರು ಲಿಂಡನ್ ಮರದ ಹೆಸರಾದ ‘ಲಿಂಡ್’ ಎನ್ನುತ್ತಾರೆ. ಸಮಾಧಿಗಳಲ್ಲಿ ದೊರೆತ ಗುರಾಣಿಗಳಲ್ಲಿ ಹೆಚ್ಚಾಗಿ ಇರುವುದು ಆಲ್ಡರ್, ವಿಲೋ, ಪಾಪ್ಲರ್ ಮರ. ಕಾವ್ಯದ ತುಂಬ ಕತ್ತಿ ಝಳಪಿಸುತ್ತದೆ. ಅಗೆದಲ್ಲಿ ಹೆಚ್ಚು ಸಿಗುವುದು ಈಟಿ. ಕತ್ತಿ ಸಿರಿವಂತರ ಸೊತ್ತು.

ಹಾಗೆಂದು ಎಲ್ಲವೂ ಪ್ರಾಸದ ಹಂಗಿನ ಅಲಂಕಾರವಲ್ಲ. ಹಳೆಯ ಇಂಗ್ಲಿಷಿನ ವೀರಕಾವ್ಯ ‘ಬಿಯೋವುಲ್ಫ್’ನಲ್ಲಿ ಒಂದು ಕತ್ತಿಯನ್ನು ‘ಬ್ರೊಗ್ಡೆನ್‌ಮ್ಯಾಲ್’, ಹೆಣೆದ ಚಿತ್ತಾರವುಳ್ಳದ್ದು, ಎಂದು ಕರೆದಿದೆ. ಇದು ಕಮ್ಮಾರನ ಕೆಲಸದ ನೇರ ವರ್ಣನೆ. ಕಬ್ಬಿಣದ ಸರಳುಗಳನ್ನು ಹುರಿಮಾಡಿ, ಕಾಯಿಸಿ, ಬಡಿದು ಒಂದಾಗಿಸಿದರೆ ಅಲಗಿನ ಮೇಲೆ ಅಲೆಯಲೆಯಾದ ಗೆರೆಗಳು ಮೂಡುತ್ತವೆ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿನ ಸಮಾಧಿ ದಿಬ್ಬದಲ್ಲಿ ಸಿಕ್ಕ ಕತ್ತಿ ತುಕ್ಕು ಹಿಡಿದು ಒರೆಗೇ ಅಂಟಿಕೊಂಡಿತ್ತು. ಎಕ್ಸ್-ರೇ ತೆಗೆದಾಗ ಒಳಗೆ ಕಂಡದ್ದು ಇದೇ ಹೆಣಿಗೆ.