ಬಸವಣ್ಣನ ಸೋಮವಾರ

ಕಾರ್ತಿಕದ ಕಡೇ ಸೋಮವಾರ ಬೆಂಗಳೂರಿನ ಬಸವನಗುಡಿಗೆ ಹೋದವರ ಕಣ್ಣು ಮೊದಲು ಬೀಳೋದು ಕಡಲೆಕಾಯಿ ರಾಶಿ ಮೇಲೆ. ಪರಿಷೆ ಅಂದಮೇಲೆ ಅದೇ ತಾನೇ. ನನ್ನ ಕಣ್ಣು ಮಾತ್ರ ಗುಡಿಯೊಳಗೆ ದೊಡ್ಡಬಸವಣ್ಣ ಮಡಚಿಟ್ಟ ಕಾಲಿನ ಮೇಲೇ ನಿಲ್ಲುತ್ತದೆ.

ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಒಂದೇ ಕಲ್ಲು. ಎಣ್ಣೆ ಕುಡಿದು ಕುಡಿದು ಕಪ್ಪಗೆ ಮಿರುಗುತ್ತದೆ. ಅಷ್ಟು ದೊಡ್ಡ ಮೈಯನ್ನು ನಿಲ್ಲಿಸಿಲ್ಲ, ಕೂರಿಸಿದ್ದಾರೆ. ನಾನು ಕಂಡ ಯಾವ ಶಿವನ ಗುಡಿಯಲ್ಲೂ ನಂದಿಯ ಹೆಗಲ ಮೇಲೆ ನೊಗ ಇಲ್ಲ. ಹೊಲದಿಂದ ಬಂದು, ನೀರು ಕುಡಿದು, ಕೊಟ್ಟಿಗೆಯಲ್ಲಿ ಮೆಲುಕು ಹಾಕೋ ಎತ್ತು ಹೇಗೆ ಕೂರುತ್ತೋ ಹಾಗೇ ಕೂತಿರುತ್ತಾನೆ.

ನಮ್ಮೂರು ಶಿರಾ ಕಡೆ. ಮಳೆ ನಂಬಿದ ಕೆಂಪು ನೆಲ, ಕಡಲೆಕಾಯಿ ಬೆಳೆ. ಇದರ ಹೂವು ಮೇಲೆ ಬಿಡುತ್ತೆ, ಕಾಯಿ ಮಣ್ಣೊಳಗೆ ಕಟ್ಟುತ್ತೆ. ಹಾಗಾಗಿ ಕೀಳೋ ಹೊತ್ತಿಗೆ ನೆಲದಲ್ಲಿ ಹಸಿ ಇರಬೇಕು. ನೆಲ ಗಟ್ಟಿಯಾಯ್ತೋ, ಗಿಡ ಕೈಗೆ ಬರುತ್ತೆ, ಕಾಯಿ ಮಣ್ಣಲ್ಲೇ ಉಳಿಯುತ್ತೆ. ನಾಲ್ಕು ತಿಂಗಳ ದುಡಿಮೆ ನಾಲ್ಕು ದಿನದ ಹದಕ್ಕೆ ಜೋತುಬಿದ್ದಿರುತ್ತದೆ.

ನಾನು ಚಿಕ್ಕವನಿದ್ದಾಗ ಒಂದು ವರ್ಷ ಆ ಹೊತ್ತಿಗೇ ಮಳೆ ಕೈಕೊಟ್ಟಿತ್ತು. ಕೊನೆಗೆ ಒಂದು ಶನಿವಾರ ರಾತ್ರಿ ಸುರೀತು. ಭಾನುವಾರ ಇಡೀ ದಿನ ಕುಂಟೆ ಹೊಡೆದರೂ ಅರ್ಧ ಹೊಲ ಉಳಿಯಿತು. ಮಾರನೇ ದಿನ ಬೆಳಗ್ಗೆ ಅಪ್ಪ ನೊಗ ಎತ್ತಿಕೊಂಡ. ತಾತ ಕೊಟ್ಟಿಗೆ ಬಾಗಿಲಿಗೆ ಅಡ್ಡ ಕೂತುಬಿಟ್ಟ.

“ಹದ ಹೋಗ್ತದಪ್ಪ” ಅಂದ ಅಪ್ಪ.

“ಹೋದ್ರೆ ಗುದ್ದಲಿ ಹಿಡಿಯಣ ಬಿಡು. ಇವತ್ತು ಸೋಮಾರ. ಅವು ಇವತ್ತು ಶಿವನವು, ನಿನ್ನವಲ್ಲ.”

ಸೋಮವಾರ ಎತ್ತು ಕಟ್ಟಬಾರದು ಅನ್ನೋದು ನಮ್ಮೂರಿನ ಕಟ್ಟಳೆ ಮಾತ್ರ ಅಲ್ಲ, ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ನಡೆದುಬಂದಿದೆ. ಆದರೆ ಹದ ಕೈಜಾರುವಾಗ ಅದನ್ನು ಪಾಲಿಸೋದಿದೆಯಲ್ಲ, ವ್ರತ ಅಂದರೆ ಅದು. ಬಿಡುವಿದ್ದಾಗ ಬಿಡುವು ಕೊಡೋದು ಏನು ದೊಡ್ಡದು?

ಆವತ್ತು ತಾತ ಎತ್ತುಗಳ ಮೈ ತೊಳೆದ. ನೊಗ ಉಜ್ಜಿ ದಪ್ಪಗಾಗಿದ್ದ ಹೆಗಲಿಗೆ ಅಂಗೈಯಲ್ಲಿ ಹರಳೆಣ್ಣೆ ತಿಕ್ಕಿದ. ಎಣ್ಣೆ ತಾಗಿದ ಕಡೆ ಚರ್ಮ ಸಣ್ಣಗೆ ಅದುರುತ್ತಿತ್ತು. ಎಡಗೋಲಿನ ಎತ್ತು ಮೊದಲು ಮುಂಗಾಲು ಮಡಚಿತು, ಆಮೇಲೆ ಹಿಂದಿನ ಮೈ ಇಳಿಸಿ, ಬುಸ್ಸಂತ ಒಂದು ಉಸಿರು ಬಿಟ್ಟಿತು. ಒಣ ಹುಲ್ಲಿನ ಚೂರು ಹಾರಿಹೋಗುವಷ್ಟು ದೊಡ್ಡ ಉಸಿರು. ತಾತ ಕೈ ಮುಗಿದ. ಎತ್ತಿಗೋ, ಅದರೊಳಗಿನ ಶಿವನಿಗೋ, ನಾನು ಕೇಳಲಿಲ್ಲ.

ಒಂದು ಮಾತು ಹೇಳಲೇಬೇಕು. ಎತ್ತಿಗೇನೋ ಸೋಮವಾರ ಇತ್ತು. ಅಜ್ಜಿಗೆ ಯಾವ ವಾರ ಇತ್ತು? ಅದೇ ದಿನ ಅವಳು ಗುದ್ದಲಿಯವರ ಹಿಂದೆ ಬಗ್ಗಿ ಕಾಯಿ ಬಿಡಿಸಿದಳು, ಸಂಜೆ ಹಕ್ಕಲು ಆಯ್ದಳು, ರಾತ್ರಿ ಮುದ್ದೆ ತಿರುವಿದಳು. ಅವಳ ಹೆಗಲಿಗೆ ಎಣ್ಣೆ ಹಚ್ಚಿದವರನ್ನು ನಾನು ನೋಡಿಲ್ಲ.

ಬಸವನಗುಡಿಯ ಕಥೆ ನಿಮಗೂ ಗೊತ್ತಿರಬೇಕು. ಸುಂಕೇನಹಳ್ಳಿ, ಮಾವಳ್ಳಿ ಸುತ್ತಿನ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಬಸವ ನುಗ್ಗಿ ಮೇಯುತ್ತಿತ್ತಂತೆ. ಕಾದು ಕೂತು ಹೊಡೆಯೋಕೆ ಹೋದರೆ ಕಲ್ಲಾಗಿಬಿಟ್ಟಿತಂತೆ. ತಪ್ಪಾಯ್ತು ಅಂತ ಮೊದಲ ಫಸಲು ಒಪ್ಪಿಸೋ ಹರಕೆ ಹೊತ್ತರು. ಕಲ್ಲು ಬೆಳೀತಾನೇ ಹೋಯ್ತು, ನೆತ್ತಿಗೆ ತ್ರಿಶೂಲ ಇಟ್ಟಮೇಲೆ ನಿಂತಿತು ಅಂತಲೂ ಹೇಳ್ತಾರೆ. ಮಕ್ಕಳಿಗೆ ಇದೇ ಇಷ್ಟ. ನನಗೆ ಕಾಡೋದು ಬೇರೆ. ಉತ್ತಿದ್ದು, ಹರಗಿದ್ದು ಅದು. ಹಸಿದು ಎರಡು ಬಾಯಿ ಮೇಯ್ದರೆ ದೊಣ್ಣೆ ತಗೋಬೇಕಿತ್ತಾ?

ತಾತ ಹೋದಮೇಲೆ ಒಂದು ಪರಿಷೆಗೆ ಅಜ್ಜಿಯನ್ನು ಕರೆತಂದೆ. ತುಂಬಾ ಹೊತ್ತು ಸಾಲಲ್ಲಿ ನಿಂತು ದರ್ಶನ ಮಾಡಿದೆವು. ಅವಳು ಏನೂ ಬೇಡಲಿಲ್ಲ, ಸುಮ್ನೆ ನೋಡಿದಳು. ಹೊರಗೆ ಬಂದು, ನೆರಳು ಹುಡುಕಿ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿದಳು. ಅಜ್ಜಿ ಹಗಲಲ್ಲಿ ಹಾಗೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಕ್ಕದಲ್ಲಿದ್ದ ಹೆಂಗಸೊಬ್ಬರು, “ಅಜ್ಜೀ, ದೇವರ ಕಡೆ ಕಾಲು ಬಂತು” ಅಂದರು.

ಅಜ್ಜಿ ಸ್ವಲ್ಪ ವಾರೆಯಾದಳು. ಕಾಲು ಮಾತ್ರ ಮಡಚಲಿಲ್ಲ. “ಅವನೂ ದುಡ್ದೋನೇ ಕಣವ್ವ, ಏನೂ ಅನ್ಕಳಲ್ಲ.”

ಆಮೇಲೆ ನಾನು ಕೊಂಡುತಂದ ಕಾಯಲ್ಲಿ ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು. “ಸರ್ಯಾಗಿ ಒಣಗ್ಸಿಲ್ಲ” ಅಂತ ಗೊಣಗುತ್ತಲೇ ಒಡೆದು, ಎರಡು ಬೀಜದಲ್ಲಿ ಒಂದು ನನ್ನ ಕೈಗಿಟ್ಟಳು.