ಚೌಕಿ ಪೆಟ್ಟಿಗೆಯೊಂದಿಗೆ ಜರ್ಮನಿಗೆ: ಹೊರಡಲಿರುವ ಯಕ್ಷಗಾನ ತಂಡಗಳಿಗೆ

ವಿದೇಶದಿಂದ ಸಾಂಸ್ಕೃತಿಕ ವಿನಿಮಯದ ಆಹ್ವಾನ ಬಂದ ದಿನವೇ ತಂಡದಲ್ಲಿ ಚರ್ಚೆ ಶುರುವಾಗುತ್ತದೆ: ಯಾವ ಪ್ರಸಂಗ, ಯಾರಿಗೆ ಯಾವ ವೇಷ? ಆ ಚರ್ಚೆಯನ್ನು ಸ್ವಲ್ಪ ಕಾಲ ತಡೆದಿಡಿ. ಮೊದಲು ಎಲ್ಲರ ಪಾಸ್‌ಪೋರ್ಟ್ ತರಿಸಿ ಒಂದೇ ಮೇಜಿನ ಮೇಲೆ ಹರಡಿ ನೋಡಿ. ನಮ್ಮ ಕಡೆಯ ಹೆಸರುಗಳ ತೊಡಕೆಲ್ಲ ಅಲ್ಲಿ ಬಯಲಾಗುತ್ತದೆ. ಆಧಾರ್‌ನಲ್ಲಿ ಹೆಗಡೆ, ಬ್ಯಾಂಕಿನಲ್ಲಿ ಹೆಗ್ಡೆ, ಕರಪತ್ರದಲ್ಲಿ ಊರಿನ ಹೆಸರೇ ಮುಂದಾದ ರಂಗದ ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಆಹ್ವಾನ ಪತ್ರ, ವಿಮೆ, ಟಿಕೆಟು, ವೀಸಾ ಅರ್ಜಿ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳೇ ಇರಬೇಕು. ಆಹ್ವಾನಿಸಿದವರು ನಿಮ್ಮ ಕರಪತ್ರ ನೋಡಿಯೇ ಹೆಸರು ಬರೆದಿರುತ್ತಾರೆ. ಪತ್ರವನ್ನು ತಿದ್ದಿಸಿ ತರಿಸಿಕೊಳ್ಳಿ, ಸಂಕೋಚ ಬೇಡ.

ನಮ್ಮದು ಶಿರಸಿಯ ಸಣ್ಣ ತಂಡ, ನಾನು ಮದ್ದಳೆಗಾರ. ಸ್ಟುಟ್‌ಗಾರ್ಟ್ ಕಡೆಯ ನೃತ್ಯ ಕಲಾವಿದರ ಬಳಗವೊಂದು ನಮ್ಮನ್ನು ಕರೆಸಿಕೊಂಡಿತ್ತು. ಅವರಿಗೆ ನಾವು ಕಲಿಸುವುದು, ಅವರಿಂದ ನಾವು ಕಲಿಯುವುದು, ನಡುವೆ ಒಂದೆರಡು ಆಟ. ಗುಣವಂತೆಯ ಕೆರೆಮನೆ ಮೇಳದಂತೆ 1934ರಿಂದ ನಡೆದು ಬಂದ, ಹಲವು ದೇಶ ಕಂಡ ತಂಡಗಳಿಗೆ ಈ ಮಾತುಗಳ ಅಗತ್ಯವಿಲ್ಲ. ಮೊದಲ ಸಲ ಹೊರಡುವವರಿಗಾಗಿ ಬರೆಯುತ್ತಿದ್ದೇನೆ.

ವೀಸಾ ವಿಷಯವನ್ನು ಬೇಗ ಮುಗಿಸುತ್ತೇನೆ. ಬೇಕಾಗಿರುವುದು ಷೆಂಗೆನ್ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ) ಅಲ್ಪಾವಧಿ ವೀಸಾ. 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಅಲ್ಲಿರಬಹುದು. ಅರ್ಜಿಯಲ್ಲಿ ಉದ್ದೇಶ ‘ಸಾಂಸ್ಕೃತಿಕ’ ಎಂದೇ ಇರಲಿ. ‘ಪ್ರವಾಸ ಅಂತ ಹಾಕಿಬಿಡಿ, ಸುಲಭ’ ಎನ್ನುವ ಏಜೆಂಟರ ಮಾತು ಕೇಳಬೇಡಿ. ಗಡಿಯಲ್ಲಿ ಪೆಟ್ಟಿಗೆ ತೆರೆದರೆ ಕಿರೀಟ ಕಾಣುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳ ಮುಂಚಿನಿಂದಲೇ ಕೊಡಬಹುದು, ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು. ಬೆರಳಚ್ಚು ಕೊಡಲು ಎಲ್ಲರೂ ಬೆಂಗಳೂರಿಗೆ ಹೋಗಬೇಕಾಗುವುದರಿಂದ ಮೇಳದ ತಿರುಗಾಟದ ನಡುವೆ ಬಿಡುವಿನ ದಿನವೊಂದನ್ನು ಈಗಲೇ ಗುರುತು ಹಾಕಿಕೊಳ್ಳಿ.

ಯುರೋಪಿನ ಉತ್ಸವಗಳ ಕಾಲವೆಂದರೆ ಜೂನ್‌ನಿಂದ ಆಗಸ್ಟ್. ನಮಗೂ ಅದು ಆಟವಿಲ್ಲದ ಮಳೆಗಾಲ, ಹಾಗಾಗಿ ಕಲಾವಿದರು ಸಿಗುತ್ತಾರೆ. ತೊಂದರೆ ಇರುವುದು ಘಟ್ಟದಲ್ಲಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಎಷ್ಟು ದಿನ ಮುಚ್ಚಿತ್ತು ಎಂಬುದು ಕರಾವಳಿಯವರಿಗೆ ನೆನಪಿರುತ್ತದೆ. ಶಿರಸಿಯವರು ರಾತ್ರಿ ಬಸ್ಸಿಗೆ, ಕಾರವಾರ, ಕುಮಟಾ, ಹೊನ್ನಾವರದವರು ಪಂಚಗಂಗಾ ರೈಲಿಗೆ ಹೊರಡಬಹುದು. ಆದರೆ ವಿಮಾನದ ಹಿಂದಿನ ದಿನ ಬೆಳಗ್ಗೆಯೇ ಬೆಂಗಳೂರಿನಲ್ಲಿರಿ. ಒಂದು ದಿನದ ವಸತಿಯ ಖರ್ಚು ತಪ್ಪಿದ ವಿಮಾನಕ್ಕಿಂತ ಅಗ್ಗ.

ಈಗ ಪೆಟ್ಟಿಗೆಯ ವಿಷಯ. ತಂಡದ ಅರ್ಧ ತಲೆನೋವು ಇದರಲ್ಲಿದೆ.

ರಾಳದ ಪುಡಿ ಬೇಡವೇ ಬೇಡ. ರಾಕ್ಷಸ ವೇಷದ ಪ್ರವೇಶಕ್ಕೆ ಪಂಜು ಹಿಡಿದು ರಾಳ ಎಸೆಯದಿದ್ದರೆ ಕಳೆಗಟ್ಟುವುದಿಲ್ಲ ಎಂದು ನಮ್ಮ ಬಣ್ಣದ ವೇಷಧಾರಿ ಬಹಳ ವಾದಿಸಿದರು. ಬೆಂಕಿ ಹಿಡಿಯುವ ಪುಡಿ ವಿಮಾನ ಹತ್ತುವುದಿಲ್ಲ, ಹತ್ತಿದರೂ ಅಲ್ಲಿಯ ರಂಗಮಂದಿರದೊಳಗೆ ಅನುಮತಿಯಿಲ್ಲದೆ ಕಡ್ಡಿ ಗೀರುವಂತಿಲ್ಲ. ಚೌಕಿಯ (ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಯ) ಗಣಪತಿಗೆ ದೀಪ, ಊದಿನಕಡ್ಡಿ ಕೂಡ ಮೊದಲೇ ಕೇಳಿಯೇ ಹಚ್ಚಬೇಕು. ಹೊಗೆ ಪತ್ತೆಯಂತ್ರ ಕೂಗಿದರೆ ಅಗ್ನಿಶಾಮಕ ದಳವೇ ಬಂದು ನಿಲ್ಲಬಹುದು. ನಾವು ಬ್ಯಾಟರಿ ದೀಪ ಇಟ್ಟು ಪೂಜೆ ಮುಗಿಸಿದೆವು. ತೆಂಗಿನಕಾಯಿಯನ್ನು ಅಲ್ಲೇ ಕೊಂಡುಕೊಳ್ಳಿ. ಒಣಕೊಬ್ಬರಿಯಂತೂ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನಕ್ಕೆ ಸೇರಿಸುವುದಿಲ್ಲ.

ಹಳೆಯ ಬಣ್ಣದ ಡಬ್ಬಿಗಳನ್ನೂ ಬಿಟ್ಟು ಹೋಗಿ. ಅರದಾಳದಲ್ಲಿರುವುದು ಆರ್ಸೆನಿಕ್, ಇಂಗಳೀಕದಲ್ಲಿರುವುದು ಪಾದರಸ. ಅವು ಮುಖಕ್ಕೂ ಒಳ್ಳೆಯದಲ್ಲ, ಅಲ್ಲಿಯ ಅಧಿಕಾರಿಗಳೆದುರು ವಿವರಿಸುವುದಂತೂ ಕಷ್ಟ. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಅಚ್ಚಾಗಿರುವ ಬಣ್ಣಗಳನ್ನೇ ಒಯ್ಯಿರಿ. ಬಣ್ಣ ತೆಗೆಯುವ ಕೊಬ್ಬರಿ ಎಣ್ಣೆ ದೊಡ್ಡ ಪೆಟ್ಟಿಗೆಯಲ್ಲಿರಲಿ. ಯಾವ ವೇಷಭೂಷಣದಲ್ಲಾದರೂ ನವಿಲುಗರಿ ಇದ್ದರೆ ಬಿಚ್ಚಿಡಿ, ಅದರ ರಫ್ತಿಗೆ ನಮ್ಮ ದೇಶದಲ್ಲೇ ನಿಷೇಧವಿದೆ.

ಚಂಡೆ, ಮದ್ದಳೆಗಳ ಬಿಗಿಯನ್ನು ಸ್ವಲ್ಪ ಇಳಿಸಿ, ಹತ್ತಿಯ ಕಸೆ ಸೀರೆಗಳಲ್ಲೇ ಸುತ್ತಿ ಗಟ್ಟಿ ಪೆಟ್ಟಿಗೆಯಲ್ಲಿಡಿ. ಮಳೆಗಾಲದ ನಮ್ಮ ಗಾಳಿಯಲ್ಲಿ ಸಡಿಲವಾಗಿದ್ದ ಚರ್ಮ ಅಲ್ಲಿಯ ಒಣ ಸಭಾಂಗಣದಲ್ಲಿ ಬಿಗಿದುಕೊಳ್ಳುತ್ತದೆ, ಶ್ರುತಿ ಏರುತ್ತದೆ. ಬದಲಿ ಮುಚ್ಚಿಗೆ (ವಾದ್ಯದ ಬಾಯಿಗೆ ಬಿಗಿಯುವ ಚರ್ಮ) ಜೊತೆಗಿರಲಿ, ಪದ್ಯ ಹಾಡುವ ಭಾಗವತರು ಮೊದಲ ದಿನ ಗೊಣಗಿದರೆ ಗಾಬರಿಯಾಗಬೇಡಿ. ಭುಜಕೀರ್ತಿ, ಎದೆಹಾರದ ಕನ್ನಡಿ ಚೂರುಗಳು ಉದುರುತ್ತವೆ. ಅಂಟು, ಬೇಗಡೆ, ಸೂಜಿದಾರದ ಚೀಲವೊಂದು ಇರಲಿ. ತಲೆಗೆ ಕಟ್ಟುವ ಕೇದಗೆ ಮುಂದಲೆಯನ್ನು ಬಿಡಿಬಿಡಿಯಾಗಿ ಒಯ್ದು ಅಲ್ಲೇ ಕಟ್ಟುವುದು ಲೇಸು. ಎಲ್ಲ ಸಾಮಾನುಗಳ ಪಟ್ಟಿಯನ್ನು ಫೋಟೋ ಸಹಿತ ಇಂಗ್ಲಿಷ್‌ನಲ್ಲಿ ಮಾಡಿಸಿ. ಹೊರಡುವಾಗ ಕಸ್ಟಮ್ಸ್ ಕಟ್ಟೆಯಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಮರಳುವಾಗ ‘ಇದೆಲ್ಲ ಅಲ್ಲಿ ಕೊಂಡದ್ದೇ?’ ಎಂಬ ಪ್ರಶ್ನೆ ಏಳುವುದಿಲ್ಲ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಮುರುಗಲ ಸಿಪ್ಪೆ ಇದ್ದರೆ ಸಾಕು. ಹಾಲು, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಗೆ ಒಯ್ಯುವಂತಿಲ್ಲ, ಪೇಡವೂ ಅದರಲ್ಲೇ ಬಂತು. ತಂಬುಳಿಗೆ ಬೇಕಾದ ಮೊಸರು ಅಲ್ಲಿ ಎಲ್ಲೆಡೆ ಸಿಗುತ್ತದೆ. ಕವಳದವರು (ಎಲೆ ಅಡಿಕೆ ಮೆಲ್ಲುವವರು) ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಹಸಿ ಎಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ‘ತಮ್ಮಾ, ಎಲೆ ಸಿಕ್ಕಿತು ಅಂತಲೇ ಇಟ್ಟುಕೋ, ಉಗುಳುವುದೆಲ್ಲಿ?’ ಎಂದು ನಮ್ಮ ಹಿರಿಯ ಸ್ತ್ರೀವೇಷಧಾರಿ ಕೇಳಿದ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಇನ್ನೊಂದು ಮಾತು, ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ದಿನಸಿ ತನ್ನಿ.

ರಂಗಮಂದಿರದಲ್ಲಿ ಬೆಳಕಿನವರು, ಧ್ವನಿಯವರು ನಿಮಿಷವಾರು ಪಟ್ಟಿ ಕೇಳುತ್ತಾರೆ. ಭಾಗವತರು ಪದ್ಯ ಎತ್ತಿದಂತೆ ಆಟ ಸಾಗುತ್ತದೆ ಎಂದರೆ ಅವರಿಗೆ ಅರ್ಥವಾಗುವುದಿಲ್ಲ, ಅವರ ತಪ್ಪೂ ಅಲ್ಲ. ಒಂದೂವರೆ ಗಂಟೆಗೆ ಇಳಿಸಿದ ಆಟದಲ್ಲಿ ಅರ್ಥಗಾರಿಕೆಯನ್ನು (ಪಾತ್ರಧಾರಿಗಳ ಮಾತನ್ನು) ಕತ್ತರಿಸಿ, ಕುಣಿತವನ್ನಲ್ಲ. ಜಟಾಯು, ಅಭಿಮನ್ಯುವಿನ ಕಥೆಗಳು ಮಾತಿಲ್ಲದೆಯೂ ದಾಟುತ್ತವೆ. ತರ್ಕದ ಮೇಲೆ ನಿಂತ ಪ್ರಸಂಗಗಳು ಕುಳಿತು ಮಾತಿನಲ್ಲೇ ನಡೆಸುವ ನಮ್ಮ ತಾಳಮದ್ದಳೆಯ ಜಗಲಿಗೇ ಇರಲಿ. ನೆಲಕ್ಕೆ ಹಾಸುವ ಕಪ್ಪು ರಬ್ಬರಿನಂಥ ಹಾಳೆಯ ಮೇಲೆ ಮಂಡಿ ಹಾಕಿದರೆ ಚರ್ಮ ಸುಲಿಯುತ್ತದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಅಭ್ಯಾಸ ಮಾಡಿ. ಮುಚ್ಚಿದ ಸಭಾಂಗಣದಲ್ಲಿ ಚಂಡೆಗೆ ಮೈಕ್ ಬೇಡ ಎಂದು ಗಟ್ಟಿಯಾಗಿ ಹೇಳಿ.

ಇಷ್ಟೆಲ್ಲ ಮಾಡಿ ಆಡಿದ ಆಟಕ್ಕೆ ಒಳ್ಳೆಯ ಚಪ್ಪಾಳೆಯೇ ಬಂತು. ಆದರೆ ಅಲ್ಲಿಯ ಕಲಾವಿದರನ್ನು ಹಿಡಿದು ಕೂರಿಸಿದ್ದು ಚೌಕಿ. ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬಳಿದುಕೊಳ್ಳುವುದು, ಹಗ್ಗ ಬಟ್ಟೆ ಸುತ್ತಿ ಸುತ್ತಿ ಮುಂದಲೆ ಕಟ್ಟುವುದು, ಇಬ್ಬರು ಹಿಡಿದೆಳೆದು ಸೊಂಟಕ್ಕೆ ವೀರಗಸೆ ಬಿಗಿಯುವುದು: ಗಂಟೆಗಟ್ಟಲೆ ಸದ್ದಿಲ್ಲದೆ ನೋಡಿದರು, ಚಿತ್ರ ಬರೆದುಕೊಂಡರು, ಮಾರನೇ ದಿನ ತಾವೇ ಕಟ್ಟಲು ಕುಳಿತರು. ಅವರಲ್ಲೊಬ್ಬರು ರಂಗವಸ್ತ್ರ ಹೊಲಿಯುವವರು. ನಮ್ಮ ಎದೆಕಟ್ಟಿನ ಭಾರ ಹೆಗಲ ಮೇಲೆ ಬೀಳದೆ ಸೊಂಟಕ್ಕೆ ಇಳಿಯುವಂತೆ ಒಂದು ಪಟ್ಟಿ ಹೊಲಿದು ಕೊಟ್ಟರು. ನಮ್ಮ ವೇಷಧಾರಿಗಳು ಅದನ್ನು ಇಂದಿಗೂ ಕಟ್ಟುತ್ತಿದ್ದಾರೆ. ಆದ್ದರಿಂದ ಆಹ್ವಾನಿಸಿದವರಿಗೆ ಮೊದಲೇ ಬರೆಯಿರಿ: ಆಟ ಒಂದು ಕಡಿಮೆಯಾದರೂ ಸರಿ, ತೆರೆದ ಚೌಕಿಗೆ ಸಂಜೆಯೊಂದನ್ನು ಇಡಿ. ತರಬೇತಿಯಲ್ಲೂ ಹೆಜ್ಜೆಯಿಂದ ಶುರು ಮಾಡಬೇಡಿ, ತಾಳದಿಂದ ಶುರು ಮಾಡಿ. ನಾಲ್ಕರ ಎಣಿಕೆಗೆ ಒಗ್ಗಿದ ನರ್ತಕರು ಝಂಪೆ ತಾಳಕ್ಕೆ ತಡವರಿಸಿ, ನಕ್ಕು, ಹಠ ಹಿಡಿದು ಕಲಿತರು. ಬದಲಿಗೆ ಆಟಕ್ಕೆ ಮೊದಲು ಮೈ ಬಿಸಿ ಮಾಡುವ ವ್ಯಾಯಾಮವನ್ನು ಅವರಿಂದ ಕೇಳಿ ಕಲಿಯಿರಿ. ನಾವು ಹಾಗೇ ಎದ್ದು ರಂಗಕ್ಕೆ ಹೋಗುತ್ತೇವೆ, ನಲವತ್ತು ದಾಟಿದ ಮೇಲೆ ಮೊಣಕಾಲು ಲೆಕ್ಕ ಕೇಳುತ್ತದೆ.

ಬಿಡುವು ಸಿಕ್ಕಿದರೆ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಟ್ಯೂಬಿಂಗೆನ್‌ಗೆ ಹೋಗಿ. ಕನ್ನಡದ ನಿಘಂಟುಕಾರ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಐದು ಜನರವರೆಗೆ ಒಟ್ಟಿಗೆ ತೆಗೆಯುವ, ಆ ರಾಜ್ಯದ ಹೆಸರಿನ ಬಾಡೆನ್-ವುರ್ಟೆಂಬರ್ಗ್ ಟಿಕೆಟ್ ಅಗ್ಗ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ನಂತರ ಮಾತ್ರ ನಡೆಯುತ್ತದೆ.

ಸಂಭಾವನೆಯಿದ್ದರೆ ಕರಾರು ಬರೆಯುವಾಗಲೇ ತೆರಿಗೆಯ ಮಾತಾಡಿ. ಹೊರದೇಶದ ಕಲಾವಿದರ ಸಂಭಾವನೆಯಲ್ಲಿ ಶೇಕಡಾ 15 ಮೂಲದಲ್ಲೇ ಕಡಿತವಾಗುತ್ತದೆ; ತಲಾ ಒಂದು ಪ್ರದರ್ಶನಕ್ಕೆ 250 ಯೂರೋ ಮೀರದಿದ್ದರೆ ಕಡಿತವಿಲ್ಲ. ಕಡಿತವಾದರೆ ಪ್ರಮಾಣಪತ್ರ ಕೇಳಿ ತನ್ನಿ. ಉಡುಗೊರೆಗೆ ಭಾರದ ಹಿತ್ತಾಳೆ ಬೇಡ, ಗುಡಿಗಾರರು ಮಾಡುವ ಬೆಂಡಿನ ಬಾಸಿಂಗ ಹಗುರವೂ ಹೌದು, ನಮ್ಮದೂ ಹೌದು.

ವಿನಿಮಯವೆಂದ ಮೇಲೆ ಅವರೂ ನಮ್ಮಲ್ಲಿಗೆ ಬರಬೇಕು. ಮಳೆಗಾಲದಲ್ಲಿ ಕರೆಯಬೇಡಿ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಕರೆದರೆ ಬಯಲಾಟವನ್ನು ಬೆಳಗಿನವರೆಗೆ ತೋರಿಸಬಹುದು. ಮನೆಗಳಲ್ಲಿ ಉಳಿಸಿಕೊಳ್ಳುವವರು, ಬಂಧುಗಳ ಮನೆಯಾದರೂ ಸರಿ, ಅತಿಥಿ ಬಂದ 24 ಗಂಟೆಯೊಳಗೆ ಅಂತರ್ಜಾಲದಲ್ಲಿ ವಿದೇಶಿ ಅತಿಥಿಯ ವಿವರದ ನಮೂನೆ (ಹಿಂದೆ ‘ಸಿ’ ನಮೂನೆ ಎನ್ನುತ್ತಿದ್ದದ್ದು) ತುಂಬಿ ಸಲ್ಲಿಸಲೇಬೇಕು. ಅದಕ್ಕೆ ಮನೆಯವರ ಖಾತೆ ಮೊದಲೇ ನೋಂದಣಿಯಾಗಿರಬೇಕು. ಹಳ್ಳಿಯ ಮನೆಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಈ ನೋಂದಣಿಯನ್ನು ಶಿರಸಿ ಪೇಟೆಯಲ್ಲೇ ಕುಳಿತು ಮುಗಿಸಿಡಿ.